ಏಳನೆಯ ಅಧ್ಯಾಯದವರೆಗೆ ಹಳದಿ

ಪುಸ್ತಕ ಹಳೆಯದು. ಹನ್ನೆರಡು ಡಾಲರು.
ರಟ್ಟಿನ ಒಳಮೈಗೆ ನೀಲಿ ಶಾಯಿಯಲ್ಲಿ ಒಂದು ಹೆಸರು:
ಡೆಸಿರೇ ಪ್ಲಮರ್. ಕೆಳಗೆ ಫೋನ್ ನಂಬರು,
ಕೊನೆಯ ಎರಡಂಕಿ ಕಾಫಿಯ ಕಲೆ ನುಂಗಿದೆ.

ಜೀವಕೋಶದಿಂದ ಹಿಡಿದು ಏಳನೆಯ ಅಧ್ಯಾಯದವರೆಗೆ
ಸಾಲುಸಾಲಿಗೂ ಹಳದಿ ಗೀಟು.
ಮುಖ್ಯವಾದದ್ದಕ್ಕೂ, ಅಲ್ಲದ್ದಕ್ಕೂ,
ಚಿತ್ರದ ಅಡಿಬರಹಕ್ಕೂ.
ಆಮೇಲೆ ಬರೀ ಬಿಳಿ.

ನಾನು ರೊಜೆಲ್ಲಾ ಟಿಬ್ಸ್. ಐವತ್ತೊಂದು.
ಉಕ್ಕಿನ ಕಾರ್ಖಾನೆ ಅರ್ಧ ಮುಚ್ಚಿದ ಈ ಊರಲ್ಲಿ
ಆಸ್ಪತ್ರೆಯ ನೆಲಮಾಳಿಗೆಯೊಳಗೆ
ಇಪ್ಪತ್ತೆರಡು ವರ್ಷದಿಂದ ರಾತ್ರಿ ಪಾಳಿ,
ಪರರ ಹಾಸಿಗೆಯ ಬಟ್ಟೆ.
ಬೆಳಗ್ಗೆ ಏಳಕ್ಕೆ ಬಿಡುಗಡೆ. ಎಂಟಕ್ಕೆ ಕಾಲೇಜು.
ನಡುವಿನ ಒಂದು ಗಂಟೆ ಕಾರಿನಲ್ಲೇ ನಿದ್ದೆ;
ಮಿಷಿಗನ್ ಸರೋವರದ ಗಾಳಿ
ಗಾಜು ಬಡಿದು ಎಬ್ಬಿಸುತ್ತದೆ, ಪುಕ್ಕಟೆ.

ಪಕ್ಕದಲ್ಲಿ ಕೂರುವವನು ಎಮೆಟೆರಿಯೊ, ಹತ್ತೊಂಬತ್ತರ ಹುಡುಗ.
ಟೈರಂಗಡಿಯ ಕಪ್ಪು ಮೆತ್ತಿದ ಉಗುರಲ್ಲಿ
ಈರುಳ್ಳಿಯ ಒಳಪೊರೆಯನ್ನು ಅದೆಷ್ಟು ನಾಜೂಕಾಗಿ ಬಿಡಿಸುತ್ತಾನೆಂದರೆ
ಅವನ ತಾಯಿ ನೋಡಬೇಕಿತ್ತು.
ಮೊದಲ ದಿನ ಸೂಕ್ಷ್ಮದರ್ಶಕದಲ್ಲಿ ನಾನು ಕಂಡದ್ದು
ನನ್ನದೇ ರೆಪ್ಪೆಗೂದಲು.
‘ಏನೋ ಹುಳ’ ಎಂದೆ.
ಅವನು ನಗಲಿಲ್ಲ. ಕಣ್ಣಿಟ್ಟು ನೋಡಿ
ತನಗೂ ಒಂದು ಹುಳ ಕಂಡಿತೆಂದ.

ಓಲ್ಶೆವ್ಸ್ಕಿ ಮೇಡಂ ಮೂರು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ.
ಅವರ ಆಫೀಸೆಂದರೆ ಕಾರಿನ ಡಿಕ್ಕಿ:
ಉತ್ತರ ಪತ್ರಿಕೆ, ಹಿಮದ ಸಲಿಕೆ, ಪ್ಲಾಸ್ಟಿಕ್ಕಿನ ಮೂತ್ರಪಿಂಡ.
ಒಂದು ಮಂಗಳವಾರ ಮೊಟ್ಟೆ ಬೇಯಿಸಿ ತೋರಿಸಿದರು.
ಪ್ರೋಟೀನೆಂದರೆ ಮಡಿಸಿಟ್ಟ ದಾರವಂತೆ,
ಶಾಖ ತಾಗಿದರೆ ಮಡಿಕೆ ಬಿಚ್ಚಿ
ಒಂದಕ್ಕೊಂದು ಸಿಕ್ಕುಬಿದ್ದು ಗಂಟಾಗುತ್ತದಂತೆ,
ಮತ್ತೆ ಬಿಡಿಸಲಾರದ ಹಾಗೆ.
‘ಇನ್ನೆಲ್ಲಿ ನೋಡಿದ್ದೀರಿ ಇದನ್ನು?’

ನನಗಿಂತ ಮೊದಲು ನನ್ನ ಕೈ ಎದ್ದಿತ್ತು.
‘ರಕ್ತದಲ್ಲಿ’ ಎಂದೆ. ‘ರಕ್ತಕ್ಕೆ ತಣ್ಣೀರು.
ಬಿಸಿನೀರು ಸೋಕಿತೋ, ಬಟ್ಟೆ ಹರಿದರೂ ಕಲೆ ಹೋಗದು.’
ಸೇರಿದ ಮೊದಲ ವಾರ ಬರ್ನೀಸ್ ಕೂಗಾಡಿ ಕಲಿಸಿದ್ದಳು.
ಯಾಕೆಂದು ಅವಳು ಹೇಳಲಿಲ್ಲ,
ಅವಳಿಗೆ ಕಲಿಸಿದವಳೂ ಹೇಳಿರಲಿಲ್ಲ.
ಅಷ್ಟು ಜನ ಹೆಂಗಸರು, ಅಷ್ಟು ತಣ್ಣೀರು,
ಮರಗಟ್ಟಿದ ಅಷ್ಟು ಬೆರಳು.
ಮೇಡಂ ಬೋರ್ಡಿನ ಮೂಲೆಯಲ್ಲಿ ಬರೆದರು:
ತಣ್ಣೀರು, ಟಿಬ್ಸ್.
ಗುರುವಾರದವರೆಗೂ ಯಾರೂ ಅಳಿಸಲಿಲ್ಲ.

ಭೌತಶಾಸ್ತ್ರ ಬೇರೆ ಕಥೆ.
ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ನಲವತ್ತೊಂದು.
ತಿರುಗುವ ಡ್ರಮ್ಮಿನಲ್ಲಿ
ಹೊರಕ್ಕೆ ತಳ್ಳುವ ಬಲವೇ ಇಲ್ಲವಂತೆ.
ಡ್ರಮ್ಮಿನ ಗೋಡೆ ಬಟ್ಟೆಯನ್ನು ಬಿಡದೆ ಒಳಕ್ಕೆ ತಿರುಗಿಸುತ್ತದೆ;
ತೂತು ಸಿಕ್ಕ ನೀರು, ಅದರ ಪಾಡಿಗೆ ಅದು,
ನೇರ ಹೋಗುತ್ತದೆ.
ಆ ರಾತ್ರಿ ನಾಲ್ಕನೇ ನಂಬರಿನ ಯಂತ್ರದ ಮುಂದೆ
ಎಷ್ಟು ಹೊತ್ತು ನಿಂತೆನೆಂದರೆ
ಮೇಲ್ವಿಚಾರಕ ಬಂದು ಕೆಟ್ಟಿದೆಯೇ ಎಂದು ಕೇಳಿದ.
ಇಲ್ಲ ಎಂದೆ.
ಇಷ್ಟು ವರ್ಷ ನೀರನ್ನು ಯಾರೋ ಎಸೆಯುತ್ತಿದ್ದಾರೆ ಅಂದುಕೊಂಡಿದ್ದೆ.

ನಿನ್ನೆ ಏಳನೆಯ ಅಧ್ಯಾಯ ಮುಗಿಯಿತು.
ಉಸಿರು ಸಕ್ಕರೆಯನ್ನು ಸುಡುವ ಪುಟದ ಅಂಚಿಗೆ
ಡೆಸಿರೇ ಕೈಬರಹ: ‘ಅಮ್ಮ, ಸ್ಕ್ಯಾನ್, ಶುಕ್ರವಾರ ಮೂರಕ್ಕೆ.’
ಮುಂದಿನ ಸಾಲಿನ ನಡುವೆ
ಹಳದಿ ನಿಂತುಬಿಟ್ಟಿದೆ.
ಯಾವ ಆಸ್ಪತ್ರೆಯೋ.
ಆ ಹಾಸಿಗೆಯ ಬಟ್ಟೆ ನಾನೇ ಒಗೆದಿರಬಹುದು.

ಎರಡಂಕಿ ಕಾಣದಿದ್ದರೆ ನೂರು ಸಾಧ್ಯತೆ.
ಹನ್ನೊಂದು ಪ್ರಯತ್ನಿಸಿದೆ.
ಒಬ್ಬಾಕೆ ಬೈದಳು. ಇನ್ನೊಬ್ಬ
ಪಿಜ್ಜಾದ ಮೇಲೆ ಏನೇನು ಬೇಕೆಂದು ಕೇಳಿದ.

ಎಂಟನೆಯ ಅಧ್ಯಾಯ. ಕೋಶ ವಿಭಜನೆ.
ಮೊದಲ ವಾಕ್ಯ ನಾಲ್ಕು ಸಲ ಓದಿದೆ, ತಲೆಗೆ ಹೋಗಲಿಲ್ಲ,
ಕಾರಿನ ಗಾಜಿನ ಮೇಲೆ ನನ್ನ ಉಸಿರೇ ಮಂಜು.
ಕಾಲೇಜಿನ ಅಂಗಡಿಯಲ್ಲಿ ಒಂದೂವರೆ ಡಾಲರಿಗೆ
ಅದೇ ಹಳದಿಯ ಪೆನ್ನು ಸಿಕ್ಕಿತು.
ಐದನೆಯ ಸಲ
ಗೀಟೆಳೆದೆ.